ಒರೆಸಿದ ಪಿಸ್ತೂಲು

ಟೀ ಲೋಟದ ಅಂಚನ್ನು ತನ್ನ ಹೆಬ್ಬೆರಳು ಒರೆಸುತ್ತಲೇ ಇದೆ ಎಂಬುದು ಮೇಸ್ತ್ರಿಗೆ ತಿಳಿದದ್ದು ಹೆಂಡತಿ ಲೋಟವನ್ನು ಕಿತ್ತುಕೊಂಡಾಗ. "ತೊಳೆದಿಟ್ಟ ಲೋಟ ಕಣ್ರೀ ಅದು. ನಿಮ್ಮ ಕೈಗೆ ಸಿಕ್ಕಿದ್ರೆ ಚಂದ್ರನ ಮೇಲಿರೋ ಕಲೇನೂ ಒರೆಸಿಬಿಡ್ತೀರಿ," ಎಂದಳು. ತಮಾಷೆಗೆ ಹೇಳಿದ್ದಲ್ಲ, ಅಭ್ಯಾಸಕ್ಕೆ ಹೇಳಿದ್ದು. ಮದುವೆಯಾದಾಗಿನಿಂದ ಅದೇ ಮಾತು, ಅದೇ ಚಂದ್ರ. ಬೇರೆ ದಿನವಾಗಿದ್ದರೆ ಅವನೂ ಅಭ್ಯಾಸಕ್ಕೆ ನಗುತ್ತಿದ್ದ. ಇವತ್ತು ಮಾತು ಕಿವಿಗೆ ಬಿದ್ದು, ಸ್ವಲ್ಪ ತಡೆದು ಒಳಗಿಳಿಯಿತು. ಹೆಬ್ಬೆರಳನ್ನು ನೋಡಿಕೊಂಡ. ಉಗುರಿನ ಸಂದಿಯಲ್ಲಿ ತೆಳ್ಳಗೆ ಕಪ್ಪು ಗೆರೆ. ನಿನ್ನೆಯ ಕಪ್ಪು ಅದು. ನಿನ್ನೆ ಮಧ್ಯಾಹ್ನ ಆ ಪಿಸ್ತೂಲನ್ನು ತಾನು ಬರೀ ನೋಡಲಿಲ್ಲ. ಬಿಚ್ಚಿದೆ, ಒರೆಸಿದೆ, ಎಣ್ಣೆ ಹಚ್ಚಿದೆ, ಮತ್ತೆ ಜೋಡಿಸಿದೆ. ಹಾಗೆ ಮಾಡುವಾಗ ಮನಸ್ಸೆಲ್ಲ ತಮ್ಮನ ಮೇಲಿತ್ತು, ಕೈ ಮಾತ್ರ ತನ್ನ ಪಾಡಿಗೆ ತಾನು ಕೆಲಸ ಮಾಡಿತ್ತು. "ಏನಾಯ್ತು, ಯಾಕೆ ಹಾಗೆ ಮುಖ ಮಾಡಿದ್ರಿ?" ಎಂದಳು ಹೆಂಡತಿ. "ಏನಿಲ್ಲ," ಎಂದ. ಕೈ ತೊಳೆಯಲು ಎದ್ದವನು ನಲ್ಲಿಯ ಹತ್ತಿರ ನಿಂತು, ತೊಳೆಯದೆ ವಾಪಸು ಬಂದ.

ಪಿಸ್ತೂಲು ಅರಗಿನ ಮುದ್ರೆ ಒತ್ತಿದ ಬಟ್ಟೆಚೀಲದಲ್ಲಿ ಬಂದಿತ್ತು. ತಮ್ಮನ ಎಡ ಅಂಗೈಯನ್ನು ತೂತು ಮಾಡಿದ ದಿನದಿಂದ ಅದು ಉಗ್ರಾಣದ ಕಪಾಟಿನಲ್ಲಿತ್ತು, ಯಾರೂ ಮುಟ್ಟಿರಲಿಲ್ಲ. ವಿಚಾರಣೆಯ ಮಂಡಳಿಗೆ ಅಧ್ಯಕ್ಷರಾಗಿದ್ದ ಕನ್ನಡಕದ ಸಾಹೇಬರು ಅದನ್ನು ಅವನ ಕಾರ್ಖಾನೆಗೆ ಕಳಿಸಿ, "ನಾಳೆ ನಮ್ಮೆದುರಿಗೆ ನಡೆಸಿ ತೋರಿಸ್ಬೇಕು. ಒಂದ್ಸಲ ನೋಡಿಟ್ಕೊಳ್ಳಿ, ಸಂಜೆ ವಾಪಸು ಕಳಿಸಿ," ಎಂದು ಹೇಳಿಕಳಿಸಿದ್ದರು. ತಮ್ಮನ ಕೇಸಿಗೆ ಅಣ್ಣನೇ ಪರೀಕ್ಷಕನೇ ಎಂದು ಮಂಡಳಿಯ ಚಿಕ್ಕ ಸಾಹೇಬ ಮೂಗು ಮುರಿದಿದ್ದನಂತೆ. ಇಡೀ ದಂಡಿಗೆ ಇರುವ ಆಯುಧದ ಮೇಸ್ತ್ರಿ ಒಬ್ಬನೇ, ಇನ್ನು ಯಾರನ್ನು ಕರೆಯೋಣ ಎಂದು ಕನ್ನಡಕದವರು ಅವನ ಬಾಯಿ ಮುಚ್ಚಿಸಿದ್ದರಂತೆ. ಅದು ಉಪಕಾರವೆಂದು ಮೇಸ್ತ್ರಿಗೆ ಅರ್ಥವಾಗಿತ್ತು. ನಿನ್ನ ಕೈಯಲ್ಲೇ ಕೊಟ್ಟಿದ್ದೇನೆ, ಅದರ ರೋಗ ತೋರಿಸು, ತಮ್ಮನನ್ನು ಬಿಡಿಸಿಕೊಂಡು ಹೋಗು ಎಂದೇ ಅದರ ಅರ್ಥ. ಇವತ್ತು ಕಾರ್ಖಾನೆಯ ದಾರಿಯುದ್ದಕ್ಕೂ ಅವನು ಅದನ್ನೇ ನೆನೆಯುತ್ತ ನಡೆದ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎನ್ನುತ್ತಾರೆ. ಇಲ್ಲಿ ಪೂಜಾರಿಯೂ ಕೊಟ್ಟಿದ್ದ, ತನ್ನ ಕೈಯೇ ಚೆಲ್ಲಿತ್ತು.

ಆ ಪಿಸ್ತೂಲಿನ ರೋಗಗಳು ಅವನಿಗೆ ಮನೆಮಂದಿಯ ರೋಗಗಳ ಹಾಗೆ ಗೊತ್ತು. ನಳಿಗೆಯ ಮೇಲೆ ಹಿಂದೆ ಮುಂದೆ ಜರುಗುವ ಸ್ಲೈಡಿನ ಸ್ಪ್ರಿಂಗ್ ಅತಿ ಬಿಗಿ. ಹಿಡಿದೆಳೆಯಲೆಂದು ಅದರ ಮೇಲೆ ಕೊರೆದ ಗೀರುಗಳಿಗೆ ಆಳವಿಲ್ಲ, ಬೆವರಿದ ಬೆರಳು ಜಾರುತ್ತದೆ, ಎಂಥ ಗಟ್ಟಿಗನಿಗೂ ನೀರು ಕುಡಿಸುತ್ತದೆ. ನಳಿಗೆಯೊಳಗೆ ತೋಟಾ ಉಳಿದಿದೆಯೋ ಇಲ್ಲವೋ ಹೊರಗಿನಿಂದ ತಿಳಿಯುವ ಗುರುತೇ ಇಲ್ಲ. ತುಂಬಿದ ಪಿಸ್ತೂಲೂ ಬರಿದಾದ ಪಿಸ್ತೂಲೂ ಅವಳಿ ಮಕ್ಕಳು. ಇದನ್ನು ರಚಿಸಿದ ಮಹಾನುಭಾವರು ಎಲ್ಲದಕ್ಕೂ ಮದ್ದೆಂದು ಹಿಡಿಕೆಯೊಳಗೆ ಒಂದು ಚಿಕ್ಕ ಉಕ್ಕಿನ ತುಂಡನ್ನು ಕೂರಿಸಿದ್ದರು. ಕಾರ್ಖಾನೆಯಲ್ಲಿ ಅದಕ್ಕೆ ನಾಲಿಗೆ ಎನ್ನುತ್ತಾರೆ. ತೋಟಾ ತುಂಬುವ ಮ್ಯಾಗಜಿನ್ ಹಿಡಿಕೆಯೊಳಗಿರುವಷ್ಟು ಹೊತ್ತು ಅದು ನಾಲಿಗೆಯನ್ನು ಹಿಂದಕ್ಕೊತ್ತಿ ಇಟ್ಟಿರುತ್ತದೆ. ಮ್ಯಾಗಜಿನ್ ಹೊರತೆಗೆದ ಕೂಡಲೇ ಕೂದಲೆಳೆಯಷ್ಟು ತೆಳುವಾದ ಇನ್ನೊಂದು ಸ್ಪ್ರಿಂಗ್ ನಾಲಿಗೆಯನ್ನು ಮುಂದಕ್ಕೆ ತಳ್ಳುತ್ತದೆ, ನಾಲಿಗೆ ಟ್ರಿಗರನ್ನು ತಡೆದು ನಿಲ್ಲುತ್ತದೆ. ಆಮೇಲೆ ನಳಿಗೆಯಲ್ಲಿ ಒಂದು ತೋಟಾ ಮರೆತು ಉಳಿದಿದ್ದರೂ ಹಾರುವುದಿಲ್ಲ. ಹಾರಬಾರದು. ಆದರೆ ಆ ಕೂದಲೆಳೆ ಎಷ್ಟು ವರ್ಷ ತಳ್ಳೀತು? ಅದರ ಹಿಂದೆ ಹಳೆಯ ಎಣ್ಣೆ ಮೇಣವಾಗುತ್ತದೆ, ಧೂಳು ಕೂರುತ್ತದೆ, ಒಂದು ದಿನ ನಾಲಿಗೆ ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ. ಮೇಸ್ತ್ರಿ ಇದನ್ನು ಬಾಯಿ ಬಿಟ್ಟು ಯಾರಿಗೂ ಹೇಳಿರಲಿಲ್ಲ ಎಂದಲ್ಲ, ಹೇಳಿದ್ದ. ಹೊಸಬರಿಗೆ ಪಾಠ ಹೇಳುವಾಗ ಕೊನೆಯಲ್ಲಿ, ಅವರು ಆಕಳಿಸತೊಡಗಿದ ಮೇಲೆ ಹೇಳುತ್ತಿದ್ದ. ಮೊದಲಿಗೆ ಹೇಳುತ್ತಿದ್ದದ್ದು, ಅವರಿಗೆ ನೆನಪು ಉಳಿಯುತ್ತಿದ್ದದ್ದು, "ಮ್ಯಾಗಜಿನ್ ತೆಗೆದ್ರೆ ಇದು ಹಸು ಕಣ್ರಯ್ಯಾ" ಎಂಬ ಮಾತು.

ಹಸು ಎಂಬ ಮಾತು ಕಾವಲಿನವರ ಬಾಯಿಗೆ ಹೋಗಿ ಪದ್ಧತಿಯಾಯಿತು. ಕಾವಲು ಬದಲಾಗುವಾಗ ಪಿಸ್ತೂಲು ಒಬ್ಬನ ಸೊಂಟದಿಂದ ಇನ್ನೊಬ್ಬನ ಸೊಂಟಕ್ಕೆ ಹೋಗಬೇಕು. ಸ್ಲೈಡ್ ಎಳೆದು ನಳಿಗೆಯೊಳಗೆ ಕಣ್ಣಾರೆ ನೋಡಿ ಕೊಡಬೇಕೆಂಬುದು ನಿಯಮ. ಅಷ್ಟು ಬಿಗಿಯಾದದ್ದನ್ನು ದಿನಕ್ಕೆ ಎಷ್ಟು ಸಲ ಎಳೆಯುತ್ತಾರೆ? ಹೋಗುವವನು ಮ್ಯಾಗಜಿನ್ ತೆಗೆದು, ನಳಿಗೆಯ ಬಾಯನ್ನು ತನ್ನದೇ ಎಡ ಅಂಗೈಗೆ ಒತ್ತಿಕೊಂಡು, ಬರುವವನ ಕಣ್ಣಲ್ಲಿ ಕಣ್ಣಿಟ್ಟು ಟ್ರಿಗರ್ ಎಳೆಯುತ್ತಾನೆ. "ಹಸು," ಎನ್ನುತ್ತಾನೆ. "ಕಟ್ಕೊಂಡೆ," ಎಂದು ಬರುವವನು ತೆಗೆದುಕೊಳ್ಳುತ್ತಾನೆ. ಯಾವ ಪುಣ್ಯಾತ್ಮ ಶುರು ಮಾಡಿದನೋ ಯಾರಿಗೂ ತಿಳಿಯದು. ಅಂಗೈ ಒಡ್ಡದವನು ಹೇಡಿ ಎಂದಾಯಿತು. ತಮ್ಮ ಅಂಗೈ ಒಡ್ಡಿದ, ಟ್ರಿಗರ್ ಎಳೆದ, ಹಸು ಎನ್ನುವ ಮೊದಲೇ ನಳಿಗೆಯಲ್ಲಿ ಉಳಿದಿದ್ದ ಗುಂಡು ಅಂಗೈಯನ್ನು ದಾಟಿ ಗೋಡೆಗೆ ಹೋಗಿ ಕೂತಿತು. ಮರುದಿನ ಗಡಿಗೆ ಹೊರಡಬೇಕಾಗಿದ್ದ ತುಕಡಿಯಲ್ಲಿ ಅವನಿದ್ದ. ಹೀಗಾಗಿ ಹೇಡಿ ಎನ್ನಿಸಿಕೊಳ್ಳಬಾರದೆಂದು ಒಡ್ಡಿದ ಕೈಯೇ ಅವನನ್ನು ಹೇಡಿ ಎಂದು ತೋರಿಸುತ್ತಿತ್ತು: ಗಡಿಗೆ ಹೆದರಿ ತಾನೇ ಹೊಡೆದುಕೊಂಡ ಎಂದು ಆರೋಪ. ಎದುರಿಗೆ ನಿಂತಿದ್ದ ಕಾವಲಿನವನು, ಪದ್ಧತಿಯ ಮಾತೆತ್ತಿದರೆ ತನಗೂ ಶಿಕ್ಷೆಯೆಂದು, ನಾನು ಆಚೆ ತಿರುಗಿದ್ದೆ ಎಂದುಬಿಟ್ಟಿದ್ದ. ಮ್ಯಾಗಜಿನ್ ಇಲ್ಲದೆ ಆ ಪಿಸ್ತೂಲು ಹಾರಬಲ್ಲದು ಎಂದು ತೋರಿದರೆ ತಮ್ಮ ಗಾಯಗೊಂಡ ಸಿಪಾಯಿ. ತೋರದಿದ್ದರೆ ಸೆರೆಮನೆ, ಹೊರಬಂದ ಮೇಲೂ ಜನ್ಮವಿಡೀ ಹೇಡಿ.

ಕಾರ್ಖಾನೆಯ ಬಾಗಿಲು ತೆಗೆದವನೇ ಮೇಸ್ತ್ರಿ ಮೇಜಿನ ಕೆಳಗಿನ ತಗಡಿನ ಡಬ್ಬಕ್ಕೆ ಕೈ ಹಾಕಿದ. ಡಬ್ಬ ಖಾಲಿ. ನಿನ್ನೆಯ ಚಿಂದಿ ಬಟ್ಟೆ ಅದರಲ್ಲಿರಬೇಕಿತ್ತು. ಅದು ಈಗ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು: ನಾಲಿಗೆಯ ಹಿಂದಿನ ಸಂದಿಯಿಂದ ಕಡ್ಡಿಯಲ್ಲಿ ಕೆದಕಿ ತೆಗೆದ ಕಂದು ಮೇಣ, ಅದರೊಳಗೆ ಸಿಕ್ಕಿಕೊಂಡಿದ್ದ ಹಿತ್ತಾಳೆಯ ಒಂದು ಸಿಪ್ಪೆ, ಯಾವುದೋ ತೋಟಾದ ಮೈಯಿಂದ ಕೆರೆದು ಬಂದದ್ದು. ಮಗುವಿನ ಕಾಲಿನಿಂದ ಮುಳ್ಳು ತೆಗೆದಾಗ ಆಗುವಂಥ ಹಿಗ್ಗು ಆಗಿತ್ತು ಆಗ. ಓಹೋ ಇಲ್ಲಿದ್ದೀಯಾ ಎಂದು ಮನಸ್ಸಿನಲ್ಲೇ ಅಂದುಕೊಂಡದ್ದೂ ನೆನಪಾಯಿತು. ಕಸ ಗುಡಿಸುವ ಹೆಂಗಸು ಪೊರಕೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಅಕ್ಕಾ, ಇದರಲ್ಲಿದ್ದ ಬಟ್ಟೆ?" "ಸುಟ್ಟೆನಲ್ಲಣ್ಣ, ನಿನ್ನೆನೇ. ಎಣ್ಣೆ ಬಟ್ಟೆ ರಾತ್ರಿ ಇಟ್ಕೋಬಾರ್ದು, ಬೆಂಕಿ ಹತ್ತುತ್ತೆ ಅಂತ ನೀವೇ ಬೈದಿದ್ರಲ್ಲ ನನ್ನ." ಹೌದು, ಬೈದಿದ್ದ. ಬೈದದ್ದಕ್ಕೆ ಅವಳು ಎರಡು ದಿನ ಮಾತು ಬಿಟ್ಟಿದ್ದಳು. "ಬೂದಿಯಾದ್ರೂ ಇದ್ಯಾ?" ಎಂದ. ಅವಳು ನಗಲೋ ಬೇಡವೋ ಎಂದು ನೋಡಿದಳು. "ಬೂದಿ ಇಟ್ಕೊಂಡು ಏನ್ಮಾಡ್ತೀರಣ್ಣ?" ಎಂದಳು.

ವಿಚಾರಣೆಯ ಕೋಣೆಯ ಹೊರಗಿನ ಬೆಂಚಿನ ಮೇಲೆ ತಮ್ಮ ಕೂತಿದ್ದ, ಪಕ್ಕದಲ್ಲೊಬ್ಬ ಪಹರೆಯವನು. ಎಡಗೈಗೆ ಬಿಳಿ ಪಟ್ಟಿ, ಕುತ್ತಿಗೆಯಿಂದ ಜೋಲಿ. ಡಾಕ್ಟರು ಹೇಳಿದ್ದರು, ಗಾಯ ಮಾಯುತ್ತದೆ, ಬೆರಳುಗಳು ಮಡಚುವುದಿಲ್ಲ. ಚಿಕ್ಕವನಿದ್ದಾಗ ಇವನು ಏನೇ ಮುರಿದರೂ, ಗಾಳಿಪಟದ ಕಡ್ಡಿ, ಅಪ್ಪನ ಕೈಗಡಿಯಾರ, ನೆರೆಮನೆಯ ಸೈಕಲ್ಲು, ಗುಟ್ಟಾಗಿ ತಂದು ಅಣ್ಣನ ಮುಂದೆ ಇಡುತ್ತಿದ್ದ. ಅಪ್ಪ ಬರುವಷ್ಟರಲ್ಲಿ ಅಣ್ಣ ಸರಿ ಮಾಡಿರುತ್ತಿದ್ದ. ಸರಿ ಮಾಡಿದ್ದನ್ನು ಒರೆಸಿ ಇಡುತ್ತಿದ್ದ, ಬೆರಳ ಗುರುತು ಉಳಿಯದ ಹಾಗೆ. "ಬಂದ್ಯಾ ಅಣ್ಣ," ಎಂದ ತಮ್ಮ. ಕ್ಷೌರ ಮಾಡಿಕೊಂಡಿದ್ದ, ಒಂದೇ ಕೈಯಲ್ಲಿ ಮಾಡಿಕೊಂಡದ್ದರಿಂದ ಕಿವಿಯ ಹತ್ತಿರ ಕೂದಲು ಉಳಿದಿತ್ತು. "ನಿನ್ ಕೈಗೇ ಕೊಟ್ರಂತಲ್ಲ. ಅತ್ತಿಗೆ ಹೇಳಿಕಳಿಸಿದ್ರು. ಆಗ್ಲೇ ಅಂದ್ಕೊಂಡೆ, ಇನ್ನೇನೂ ಯೋಚ್ನೆಯಿಲ್ಲ ಅಂತ." ಪಹರೆಯವನು ಬೇರೆ ಕಡೆ ನೋಡಿದ. "ಹಾರಿದ್ರೆ ಇಲ್ಲಿವರೆಗೂ ಕೇಳಿಸುತ್ತಾ?" ಎಂದು ತಮ್ಮ ಕೇಳಿದ. "ಕೇಳಿಸುತ್ತೆ," ಎಂದ ಮೇಸ್ತ್ರಿ. ಈಗಲೇ ಹೇಳಿಬಿಡಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಒಳಗಿನಿಂದ ಕರೆ ಬಂತು, ಮತ್ತು ಕರೆ ಬಂದದ್ದು ಅವನಿಗೆ ಹಿತವಾಯಿತು.

ಉದ್ದನೆಯ ಮೇಜು, ಅದರ ಮೇಲೆ ಹಸಿರು ಬಟ್ಟೆ. ನಡುವೆ ಕನ್ನಡಕದ ಸಾಹೇಬರು, ಒಂದು ಪಕ್ಕ ಡಾಕ್ಟರು, ಇನ್ನೊಂದು ಪಕ್ಕ ಚಿಕ್ಕ ಸಾಹೇಬ, ಮೂಲೆಯಲ್ಲಿ ಟೈಪ್ ಯಂತ್ರದ ಮುಂದೆ ಬೆರಳಚ್ಚಿನವನು. ಬಟ್ಟೆಯ ಒಂದು ಅಂಚು ಇನ್ನೊಂದಕ್ಕಿಂತ ಕೆಳಗೆ ಜೋತಿತ್ತು. ಎಳೆದು ಸಮ ಮಾಡಲು ಮೇಸ್ತ್ರಿಯ ಬೆರಳು ತವಕಿಸಿತು. ಚಿಕ್ಕ ಸಾಹೇಬ ಮಾತಿನ ನಡುವೆ ಇದ್ದ. "ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಸರ್? ನಾಳೆ ಗಡಿಗೆ ಹೊರಡ್ಬೇಕು, ಇವತ್ತು ಎಡಗೈಗೆ ಗುಂಡು. ಬಲಗೈಗಲ್ಲ ನೋಡಿ, ಊಟಕ್ಕೆ ಬೇಕಲ್ಲ. ಮ್ಯಾಗಜಿನ್ ಒಳಗಿಟ್ಕೊಂಡೇ ಹೊಡ್ಕೊಂಡಿದಾನೆ." ಡಾಕ್ಟರು ನಕ್ಕಿದ್ದು ಕೆಮ್ಮಿನ ಹಾಗೆ ಕೇಳಿಸಿತು. ಮೇಸ್ತ್ರಿಗೆ ರೇಗಲಿಲ್ಲ. ಅವನ ಕಣ್ಣು ಪಿಸ್ತೂಲಿನ ಮೇಲಿತ್ತು. ಚೀಲದಿಂದ ಹೊರಬಂದು ಹಸಿರು ಬಟ್ಟೆಯ ಮೇಲೆ, ಸ್ನಾನ ಮಾಡಿ ತಲೆ ಬಾಚಿಕೊಂಡು ಪರೀಕ್ಷೆಗೆ ಕೂತ ಹುಡುಗನ ಹಾಗೆ ಮಲಗಿತ್ತು. ಇಷ್ಟು ಚೆನ್ನಾಗಿ ಅದು ಎಂದೂ ಕಂಡಿರಲಿಲ್ಲ.

ಕನ್ನಡಕದವರು ಒಂದು ತೋಟಾ ಕೊಟ್ಟರು. ಗುಂಡಿಲ್ಲ, ಮದ್ದಿಲ್ಲ, ಬುಡದಲ್ಲಿ ಸಿಡಿಯುವ ಕ್ಯಾಪು ಮಾತ್ರ; ಹಾರಿದರೆ ಟಪ್ಪೆಂದು ಸದ್ದಾಗುತ್ತದೆ, ಚರ್ಮ ಸುಟ್ಟರೆ ಸುಟ್ಟೀತು. ಮೇಸ್ತ್ರಿ ಅದನ್ನು ಮ್ಯಾಗಜಿನ್ನಿಗೆ ತುಂಬಿ, ಮ್ಯಾಗಜಿನ್ ಸೇರಿಸಿ, ಸ್ಲೈಡನ್ನು ಹಿಂದಕ್ಕೆಳೆದು ಕೈಬಿಟ್ಟ. ತೋಟಾ ನಳಿಗೆಗೆ ಹೋಯಿತು. ಮ್ಯಾಗಜಿನ್ ತೆಗೆದ. ಹಿಡಿಕೆಯೊಳಗೆ ಸಣ್ಣಗೆ ಕಿಟ್ ಎಂದಿತು. ಆ ಸದ್ದು ಬೇರೆ ಯಾರಿಗೂ ಕೇಳಿಸಲಿಲ್ಲ. ನಾಲಿಗೆ ತನ್ನ ಜಾಗಕ್ಕೆ ಬಂದು ಕೂತ ಸದ್ದು. ಟ್ರಿಗರ್ ಎಳೆದ. ಕಲ್ಲನ್ನು ಎಳೆದಂತಾಯಿತು. ಮತ್ತೆ ಮ್ಯಾಗಜಿನ್ ಹಾಕಿದ, ಈ ಸಲ ತಮ್ಮ ಎಳೆಯುವಂತೆ ಜಗ್ಗಿ ತೆಗೆದ. ಕಿಟ್. ಕಲ್ಲು. "ಅವನು ಮಾಡಿದ ಹಾಗೇ ಮಾಡ್ತೀನಿ ಸಾಹೇಬ್ರೇ," ಎಂದು ಎಡ ಅಂಗೈಯನ್ನು ನಳಿಗೆಯ ಬಾಯಿಗೆ ಒತ್ತಿಕೊಂಡ. ಆಯುಧ ಕೆಡಲಿ ಎಂದು ಅವನು ಬಯಸಿದ್ದು ಬದುಕಿನಲ್ಲಿ ಅದೇ ಮೊದಲು. ಕೆಡು, ಎಂದು ಬೇಡಿಕೊಂಡ. ಎಷ್ಟು ಸಲ ನನ್ನ ಮಾನ ತೆಗೆದಿದ್ದೀಯ, ದೊಡ್ಡವರು ನೋಡಲು ಬಂದ ದಿನವೇ ಸಿಕ್ಕಿಕೊಂಡಿದ್ದೀಯ, ಎಲ್ಲರೆದುರು ಬೈಸಿದ್ದೀಯ, ಇವತ್ತೊಂದು ಸಲ ಕೆಡು. ಸಿಡಿ ಮಾರಾಯ. ಗುಂಡಿಲ್ಲದಿದ್ದರೂ ಚಿಂತೆಯಿಲ್ಲ, ಕೈ ಸುಡು. ಮತ್ತೆ ಎಳೆದ. ಅಂಗೈ ಬೆವರಿತೇ ಹೊರತು ಬೇರೇನೂ ಆಗಲಿಲ್ಲ. ತನ್ನ ಕೈಗುಣ ಅದು. ಇಪ್ಪತ್ತು ವರ್ಷ ಎಲ್ಲರೂ ಹೊಗಳಿದ ಕೈಗುಣ.

ಆಗ ಅವನ ಕಿರುಬೆರಳು ತಾನಾಗಿ ಹಿಡಿಕೆಯ ಕೆಳಗಿನ ಖಾಲಿ ಬಾಯಿಯೊಳಗೆ ನುಸುಳಿತು. ಮ್ಯಾಗಜಿನ್ ಇರುತ್ತಿದ್ದ ಜಾಗ. ಉಗುರಿನ ತುದಿಗೆ ನಾಲಿಗೆ ಸಿಕ್ಕಿತು. ಅಷ್ಟು ಮೆತ್ತಗೆ ಒತ್ತಿದರೂ ಸಾಕು, ಟ್ರಿಗರ್ ಸಡಿಲಾಗುತ್ತದೆ, ಟಪ್ಪೆನ್ನುತ್ತದೆ, ಹೊರಗೆ ಬೆಂಚಿನ ಮೇಲೆ ಕೂತವನಿಗೆ ಕೇಳಿಸುತ್ತದೆ. ಇದು ಮೋಸವೇ? ಇದ್ದ ನಿಜವನ್ನು ಒರೆಸಿಹಾಕಿದ ಕೈ ಅದನ್ನು ಮರಳಿ ಇಡುವುದು ಮೋಸವೇ? "ಮೇಸ್ತ್ರಿ," ಎಂದರು ಕನ್ನಡಕದವರು, ಗಟ್ಟಿಯಾಗಿ ಅಲ್ಲ. "ಕಿರುಬೆರಳು ಹೊರಗೆ ತೆಗೀರಿ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಊಟಕ್ಕೆ ಕೂತವನಿಗೆ ಅಂಗಿಗೆ ಅನ್ನ ಬಿದ್ದಿದೆ ಎಂದು ಹೇಳುವಷ್ಟು ಮೆಲ್ಲಗೆ ಹೇಳಿದರು. ಮೇಸ್ತ್ರಿ ಬೆರಳು ತೆಗೆದ. ಕಿವಿ ಬಿಸಿಯಾಯಿತು. ಚಿಕ್ಕ ಸಾಹೇಬನಿಗೆ ಏನಾಯಿತೆಂದು ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಬಾಯಿ ತುಂಬ ನಕ್ಕ.

"ನಾನು ನಿನ್ನೆ ಇದನ್ನ ಬಿಚ್ಚಿ ಒರೆಸಿದೆ ಸಾಹೇಬ್ರೇ," ಎಂದ ಮೇಸ್ತ್ರಿ. ದನಿ ತನ್ನದಲ್ಲ ಎನಿಸಿತು. "ನಾಲಿಗೆ ಹಿಂದೆ ಕಸ ಸಿಕ್ಕೊಂಡಿತ್ತು. ಅದಕ್ಕೇ ಅವತ್ತು ಹಾರಿದ್ದು. ಗೊತ್ತಿಲ್ದೆ ತೆಗೆದುಬಿಟ್ಟೆ." "ಗೊತ್ತಿಲ್ದೆ?" ಎಂದ ಚಿಕ್ಕ ಸಾಹೇಬ. "ಕಸ ಎಲ್ಲಿದೆ?" "ಸುಟ್ಟುಹೋಯ್ತು." "ಮತ್ತೆ ಏನು ಉಳಿದಿದೆ?" ಮೇಸ್ತ್ರಿ ಹೆಬ್ಬೆರಳು ಚಾಚಿದ. ಉಗುರಿನ ಸಂದಿಯ ಕಪ್ಪು ಗೆರೆಯನ್ನು ಮೂವರು ಅಧಿಕಾರಿಗಳ ಮುಂದೆ ಹಿಡಿದು ನಿಂತ. ಡಾಕ್ಟರು ನಿಜವಾಗಿಯೂ ಬಾಗಿ ನೋಡಿದರು. ಚಿಕ್ಕ ಸಾಹೇಬ ಬೆರಳಚ್ಚಿನವನ ಕಡೆ ತಿರುಗಿ, "ಉಗುರು, ಒಂದು, ಅಂತ ಹಾಕ್ಕೊಳ್ಳಪ್ಪಾ," ಎಂದ. ಚಾಚಿದ ಕೈಯನ್ನು ಯಾವಾಗ ಹಿಂದಕ್ಕೆ ತೆಗೆಯಬೇಕೆಂದು ಮೇಸ್ತ್ರಿಗೆ ತಿಳಿಯಲಿಲ್ಲ.

ಕನ್ನಡಕದವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಗಾಜಿನ ಮೇಲೆ ಬೆರಳಿನ ಜಿಡ್ಡು ಇತ್ತು. "ನೋಡಿ, ನಾನು ನಿಮ್ಮನ್ನ ನಂಬ್ತೀನಿ," ಎಂದರು. "ಆದ್ರೆ ಇದನ್ನ ಬರ್ಕೊಂಡ್ರೆ ಏನಾಗುತ್ತೆ ಗೊತ್ತಲ್ಲ? ಮುದ್ರೆ ಒತ್ತಿದ ಆಯುಧಕ್ಕೆ ಆರೋಪಿಯ ಅಣ್ಣ ಕೈ ಹಾಕಿದ. ತಮ್ಮನ ಜೊತೆ ನೀವೂ ಒಳಗೆ. ಮೇಲಿನವರು ನಿಮ್ಮ ಮಾತು ನಂಬಿ ಅವನನ್ನ ಬಿಡ್ತಾರಾ? ಬಿಡಬಹುದು. ನನಗಂತೂ ಹಾಗನ್ಸಲ್ಲ. ಮನೇಲಿ ಯಾರ್ಯಾರಿದಾರೆ?" "ಹೆಂಡ್ತಿ," ಎಂದ. "ಹೇಳಿ, ಬರ್ಕೊಳ್ಳೋಣ್ವಾ?" ಬೆರಳಚ್ಚಿನವನ ಬೆರಳುಗಳು ಕೀಲಿಗಳ ಮೇಲೆ ಕಾದಿದ್ದವು. ಬಿಡಬಹುದು ಎಂದರಲ್ಲ. ಹಾಗನ್ನಿಸುವುದಿಲ್ಲ ಎಂದೂ ಅಂದರು. ಮೇಸ್ತ್ರಿ ಎರಡನೆಯದನ್ನು ಹಿಡಿದುಕೊಂಡ. ನೀರಿನಲ್ಲಿ ಮುಳುಗುವವನು ಹುಲ್ಲುಕಡ್ಡಿ ಹಿಡಿಯುತ್ತಾನೆ ಎಂದು ಕೇಳಿದ್ದ; ದಡದಲ್ಲಿ ನಿಂತವನೂ ಹಿಡಿಯುತ್ತಾನೆಂದು ಅವತ್ತು ತಿಳಿಯಿತು. ಬರ್ಕೊಳ್ಳಿ ಎಂಬ ಮಾತು ಗಂಟಲವರೆಗೆ ಬಂದಿತ್ತು, ಸುಳ್ಳಲ್ಲ. ಅವನು ತಲೆಯನ್ನು ಅಡ್ಡಡ್ಡ ಆಡಿಸಿದ. "ಒಳ್ಳೇದು," ಎಂದರು ಕನ್ನಡಕದವರು, ತಾವೇ ಬದುಕಿಕೊಂಡವರ ಹಾಗೆ ಉಸಿರು ಬಿಟ್ಟು. "ಆಯುಧ ಸರಿಯಿದೆ. ಅಷ್ಟು ಹಾಕ್ಕೊಳ್ಳಪ್ಪಾ."

ಹೊರಗೆ ತಮ್ಮ ಬೆಂಚಿನ ಅಂಚಿಗೆ ಸರಿದು, ಕಿವಿಯನ್ನು ಬಾಗಿಲ ಕಡೆ ಮಾಡಿ ಕೂತಿದ್ದ. "ಸದ್ದೇ ಬರ್ಲಿಲ್ವಲ್ಲ ಅಣ್ಣ," ಎಂದ. ಮೇಸ್ತ್ರಿ ಪಕ್ಕದಲ್ಲಿ ಕೂತ. "ಎಲ್ಲಿ, ಕೈ ತೋರ್ಸು," ಎಂದು ತಮ್ಮ ತನ್ನ ಬಲಗೈಯಿಂದ ಅಣ್ಣನ ಎಡಗೈಯನ್ನು ತೊಡೆಯ ಮೇಲೆ ಎಳೆದುಕೊಂಡು ಬಿಡಿಸಿದ. ಅಂಗೈ ನಡುವೆ ನಳಿಗೆಯ ಬಾಯಿ ಒತ್ತಿದ ಗುಂಡನೆಯ ಗುರುತಿತ್ತು, ತಮ್ಮನ ಕೈಯಲ್ಲಿ ಎಲ್ಲಿ ತೂತಿತ್ತೋ ಅಲ್ಲೇ. ಮಸಿಯಿಲ್ಲ, ಎಣ್ಣೆಯ ತಿಳಿಯಾದ ಉಂಗುರ. ತಮ್ಮ ಅದನ್ನು ಬೆರಳಲ್ಲಿ ಉಜ್ಜಿ ಮೂಗಿನ ಹತ್ತಿರ ಹಿಡಿದ. "ಒರೆಸಿದ್ಯಾ?" ಎಂದ. ಬೈಗುಳದ ದನಿಯಲ್ಲ, ಅತ್ತಿಗೆ ಚಂದ್ರನ ಮಾತು ಹೇಳುವಾಗಿನ ದನಿ. ಮೇಸ್ತ್ರಿ ತಲೆಯಾಡಿಸಿದ. "ನಿನ್ ಕೈಗೆ ಬಂದದ್ದು ಯಾವ್ದು ತಾನೇ ಕೊಳೆ ಇರುತ್ತೆ ಬಿಡು," ಎಂದು ತಮ್ಮ ನಗಲು ನೋಡಿದ. ಆಮೇಲೆ, "ಅವರಿಗೆ ಹೇಳಿದ್ಯಾ? ಒರೆಸಿದೆ ಅಂತ?"

"ಹೇಳಿದೆ."

"ಬರ್ಕೊಂಡ್ರಾ?"

ಬೆಂಚಿನ ಮರದಲ್ಲಿ ಒಂದು ಮೊಳೆ ಮೇಲೆದ್ದಿತ್ತು. ಮೇಸ್ತ್ರಿ ಅದನ್ನು ಹೆಬ್ಬೆರಳಿನಿಂದ ಒಳಗೊತ್ತಿದ. "ಬರ್ಕೊಂಡ್ರು," ಎಂದ.

ತಮ್ಮನ ಹೆಗಲು ಇಳಿಯಿತು. ಬಂದಾಗಿನಿಂದ ಬಿಗಿಹಿಡಿದಿದ್ದ ಮುಖ ಸಡಿಲವಾಯಿತು. "ಹಾಗಾದ್ರೆ ಸರಿ," ಎಂದ. "ಬರ್ಕೊಂಡ್ರೆ ಮೇಲಿನವರು ನೋಡ್ಲೇಬೇಕಲ್ಲ. ಅಲ್ವಾ? ನೀನೇನೂ ಮನಸ್ಸಿಗೆ ಹಚ್ಕೋಬೇಡ. ಮನೆಗ್ಹೋಗು, ಅತ್ತಿಗೆ ಕಾಯ್ತಿರ್ತಾರೆ." ಪಹರೆಯವನು ಎದ್ದು ನಿಂತು, ಹೊರಡೋಣ ಎಂದ. ತಮ್ಮ ಎದ್ದ. ಅವನ ಬೂಟಿನ ದಾರ ಬಿಚ್ಚಿ ನೆಲದ ಮೇಲೆ ಬಿದ್ದಿತ್ತು. ಬಾಗಿ ಒಂದು ಕೈಯಲ್ಲಿ ಅದನ್ನು ಹಿಡಿದ, ಅದು ಜಾರಿತು, ಮತ್ತೆ ಹಿಡಿದ. "ಇರು," ಎಂದು ಮೇಸ್ತ್ರಿ ನೆಲಕ್ಕೆ ಮಂಡಿಯೂರಿದ. ದಾರದ ಧೂಳು ಕೊಡವಿ, ತೂತಿನಿಂದ ತೂತಿಗೆ ಬಿಗಿ ಮಾಡುತ್ತ ಬಂದು, ಎರಡು ಕುಣಿಕೆಗಳನ್ನು ಸಮ ಹಿಡಿದು ಎಳೆದ. ಗಂಟು ಚೊಕ್ಕವಾಗಿ ಬಿತ್ತು.